ಹನ್ನೊಂದನೇ ಬ್ಯಾಚು ತೊಳೆದ ನೀರು

ನಾನು ಬಿಟ್ಟುಬಂದ ಕೆಲಸಕ್ಕೆ ಹೊಸದಾಗಿ ಸೇರಿರುವ ಹುಡುಗಿ ಮೊನ್ನೆ ಫೋನು ಮಾಡಿ, “ಸರೋಜಕ್ಕ, ಇಲ್ಲಿ ಮುಖ್ಯವಾಗಿ ಏನ್ ಕೆಲ್ಸ ಇರುತ್ತೆ?” ಎಂದು ಕೇಳಿದಳು. “ತೊಳೆಯೋದು ಕಣೇ” ಎಂದೆ. ನಕ್ಕಳು. ನಾನು ತಮಾಷೆಗೆ ಹೇಳಿದ್ದಲ್ಲ. ಕಡೂರಿನ ಹೊರಗಿರುವ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಸಹಾಯಕಿಯಾಗಿದ್ದೆ. ಅದರಲ್ಲಿ ಮುಕ್ಕಾಲು ಪಾಲು ಕಳೆದದ್ದು ಸಿಂಕಿನ ಮುಂದೆ. ಉಳಿದ ಕಾಲು ಪಾಲಿನಲ್ಲಿ ಬ್ಯಾಟರಿ ಮಾಡಿದೆವು. ಬಡ್ತಿಯ ವಿಷಯ ಬಿಡಿ, ನನಗೆ ಬಂದದ್ದು ಒಂದೇ, ಅದರಿಂದ ಬದಲಾದದ್ದು ನನ್ನ ಕೋಟಿನ ಮೇಲಿನ ಪಟ್ಟಿ ಮಾತ್ರ. ಆ ಹುಡುಗಿಗೆ ಫೋನಿನಲ್ಲಿ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಬಾಯಿ ಮುಚ್ಚಿಕೊಂಡಿದ್ದರಿಂದ ಒಬ್ಬ ನೆಟ್ಟಗಿನ ಹುಡುಗಿ ಸುಳ್ಳುಗಾತಿ ಎನಿಸಿಕೊಂಡದ್ದೂ ಇದರಲ್ಲಿ ಬರುತ್ತದೆ. ಅದನ್ನು ಬಿಟ್ಟು ಬೇರೆಲ್ಲ ಬರೆದರೆ ಬರೆದದ್ದಕ್ಕೆ ಅರ್ಥವಿಲ್ಲ.

ನಮ್ಮ ಊರು ಕಡೂರಿನಿಂದ ಪೂರ್ವಕ್ಕೆ, ಬಯಲುಸೀಮೆ. ನೀರಿನ ವಿಷಯದಲ್ಲಿ ನಾವು ಜಿಪುಣರಲ್ಲ, ಹಾಗೆ ಬೆಳೆದವರು ಅಷ್ಟೆ. ಅಕ್ಕಿ ತೊಳೆದ ನೀರು ಎಮ್ಮೆಗೆ. ಬಟ್ಟೆ ಜಾಲಿಸಿದ ನೀರು ತೆಂಗಿನ ಬುಡಕ್ಕೆ. ಪಾತ್ರೆ ತೊಳೆದ ಕೊನೆಯ ನೀರು ಬಕೆಟ್ಟಿನಲ್ಲೇ ಉಳಿದು ಮುಂದಿನ ಪಾತ್ರೆಗಳಿಗೆ ಮೊದಲ ನೀರಾಗುತ್ತಿತ್ತು. ಬಳಸಿದ ನೀರನ್ನು ಸುಮ್ಮನೆ ಚೆಲ್ಲುವವರನ್ನು ನಮ್ಮವ್ವ ಹೇಗೆ ಬೈಯುತ್ತಿದ್ದಳೆಂದರೆ, ಅನ್ನ ಚೆಲ್ಲಿದವರೂ ಅಷ್ಟು ಬೈಸಿಕೊಳ್ಳುತ್ತಿರಲಿಲ್ಲ.

ಈ ಬುದ್ಧಿಯನ್ನು ನಾನು ಲ್ಯಾಬಿಗೂ ತಂದೆ. ಸೇರಿದ ಮೊದಲ ವರ್ಷವೇ ಅದರ ಫಲ ಉಂಡೆ. ಪದವಿ ಮಕ್ಕಳ ಪ್ರಾಕ್ಟಿಕಲ್ ಪರೀಕ್ಷೆ. ಕೊಟ್ಟ ಲವಣದಲ್ಲಿ ಏನಿದೆ ಎಂದು ಕಂಡುಹಿಡಿಯಬೇಕು. ಭಟ್ಟಿಯಿಳಿಸಿದ ನೀರು ಕಡಿಮೆ ಇತ್ತು. ಗಾಜಿನ ನಳಿಗೆಗಳನ್ನು ಬೋರ್‌ವೆಲ್ ನೀರಿನಲ್ಲಿ ತೊಳೆದು, ಆಮೇಲೆ ಭಟ್ಟಿ ನೀರಿನಲ್ಲಿ ಜಾಲಿಸಿದ್ದೆ. ಆ ಜಾಲಿಸಿದ ನೀರು ಕಣ್ಣಿಗೆ ಕನ್ನಡಿಯಂತಿತ್ತು. ಚೆಲ್ಲಲು ಕೈ ಬರದೆ ಮತ್ತೆ ಬಾಟಲಿಗಳಿಗೆ ತುಂಬಿಬಿಟ್ಟೆ. ನಮ್ಮ ಬೋರ್‌ವೆಲ್ ನೀರಿನ ಉಪ್ಪು ಅದರಲ್ಲಿ ಸೇರಿಕೊಂಡಿತ್ತು. ಅಂದು ಪರೀಕ್ಷೆಗೆ ಕೂತ ಅಷ್ಟೂ ಮಕ್ಕಳಿಗೆ, ಯಾವ ಲವಣ ಕೊಟ್ಟಿದ್ದರೂ, ಕ್ಲೋರೈಡ್ ಸಿಕ್ಕಿತು.

ಗಂಗಾಧರ ಸರ್ ಆಗ ಹೊಸ ಮೇಷ್ಟ್ರು. ಮುಂದೆ ಅವರೇ ವಿಭಾಗದ ಮುಖ್ಯಸ್ಥರಾದರು. ಇಸ್ತ್ರಿ ಮಡಿಕೆ ಮುರಿಯದ ಮನುಷ್ಯ, ಟವೆಲ್ಲು ಕೂಡ ಅಳತೆಗೆ ಮಡಿಸುತ್ತಿದ್ದರು. ಮಕ್ಕಳ ಎದುರಿಗೇ ನನ್ನನ್ನು ನಿಲ್ಲಿಸಿಕೊಂಡು, “ಇದು ನಿಮ್ಮ ಅಡುಗೆಮನೆ ಅಲ್ಲ ಕಣ್ರೀ ಸರೋಜಮ್ಮ. ಒಂದ್ಸಲ ಬಳಸಿದ್ ನೀರು ಸಿಂಕಿಗೇ ಹೋಗ್ಬೇಕು. ಇನ್ನೊಂದ್ಸಲ ಹಿಂಗಾದ್ರೆ ನಾನು ಸುಮ್ನಿರಲ್ಲ” ಎಂದರು. “ಇಲ್ಲ ಸರ್, ಇನ್ನು ಮಾಡಲ್ಲ” ಎಂದು ಮಾತು ಕೊಟ್ಟೆ. ಕಿವಿ ಬಿಸಿಯಾದದ್ದು ಇವತ್ತಿಗೂ ನೆನಪಿದೆ.

ಬ್ಯಾಟರಿ ನಮ್ಮ ಲ್ಯಾಬಿಗೆ ಬಂದದ್ದು ಬಹಳ ತಡವಾಗಿ. ಅದಕ್ಕೂ ಮುಂಚೆ ಮಕ್ಕಳಿಗೆ ತೋರಿಸಲು ಹಳೆಯ ಟಾರ್ಚಿನ ಸೆಲ್ಲುಗಳನ್ನು ನಾನೇ ಇಕ್ಕಳದಿಂದ ಸುಲಿಯುತ್ತಿದ್ದೆ. ಹೊರಗಿನ ತಗಡು ಸತು, ಒಳಗಿನ ಕರಿ ಪುಡಿ ಮ್ಯಾಂಗನೀಸ್ ಡೈಆಕ್ಸೈಡ್. ಸುಲಿದ ದಿನ ಸೀನಿದರೂ ಕರೀ ಬರುತ್ತಿತ್ತು. ಆ ಸೆಲ್ಲು ಒಮ್ಮೆ ಸತ್ತರೆ ಸತ್ತಂತೆಯೇ, ಮತ್ತೆ ಚಾರ್ಜ್ ಆಗುವುದಿಲ್ಲ. ಗಂಗಾಧರ ಸರ್ ತಂದ ಯೋಜನೆ ಅದೇ ಸತು, ಅದೇ ಕರಿ ಪುಡಿ ಇಟ್ಟುಕೊಂಡು ಸಾವಿರ ಸಲ ಚಾರ್ಜ್ ಆಗುವ ಬ್ಯಾಟರಿ ಮಾಡುವುದು. ಒಂದು ಕಡೆ ಸತುವಿನ ಹಾಳೆ, ಇನ್ನೊಂದು ಕಡೆ ಉಕ್ಕಿನ ಹಾಳೆಗೆ ಬಳಿದ ಪುಡಿ, ನಡುವೆ ಸತುವಿನ ಲವಣ ಕರಗಿಸಿದ ನೀರಿನಲ್ಲಿ ನೆನೆದ ಕಾಗದ. ಲಿಥಿಯಂ ಬ್ಯಾಟರಿಗೆ ಸಿಟ್ಟು ಬಂದರೆ ಬೆಂಕಿ ಕಾರುತ್ತದೆ. ಇದರ ಹೊಟ್ಟೆಯಲ್ಲಿ ಇರುವುದು ನೀರು, ಸಿಟ್ಟು ಬಂದರೂ ಬೆವರುತ್ತದೆ ಅಷ್ಟೆ. ತೋಟದ ಮನೆಗಳ ಸೋಲಾರ್ ದೀಪಕ್ಕೆ ಇದಾದರೆ ಜನ ಹೆದರದೆ ಮಂಚದ ಕೆಳಗೇ ಇಟ್ಟುಕೊಳ್ಳಬಹುದು ಎಂಬುದು ಸರ್ ಅವರ ಆಸೆ.

ಕಷ್ಟ ಆ ಕರಿ ಪುಡಿಯದೇ. ಅದು ಕರೆಂಟು ಹಿಡಿದಿಟ್ಟುಕೊಳ್ಳುತ್ತದೆ, ಆದರೆ ಹರಿಯಲು ಬಿಡುವುದಿಲ್ಲ. ಚಾರ್ಜ್ ಮಾಡಿ ಇಳಿಸಿ ಮಾಡುತ್ತಿದ್ದರೆ ಸ್ವಲ್ಪಸ್ವಲ್ಪವೇ ನೀರಿಗೆ ಕರಗಿ ಹೋಗುತ್ತದೆ. ಅದಕ್ಕಾಗಿ ಪುಡಿಯ ಒಂದೊಂದು ಕಣಕ್ಕೂ ಪಾಲಿಅನಿಲೀನ್ ಎಂಬ ಪಾಲಿಮರ್ ಹೊದಿಸುತ್ತೇವೆ. ಪ್ಲಾಸ್ಟಿಕ್ಕಿನ ಜಾತಿಯೇ, ಆದರೆ ಕರೆಂಟು ಹರಿಯಬಿಡುತ್ತದೆ. ಪುಡಿ ಉದುರದಂತೆ ಹಿಡಿದುಕೊಳ್ಳುವುದೂ ಅದೇ, ದಾರಿ ಮಾಡಿಕೊಡುವುದೂ ಅದೇ. ಈ ಪಾಲಿಮರ್‌ನ ಒಂದು ಗುಣವನ್ನು ಮಾತ್ರ ನೆನಪಿಟ್ಟುಕೊಳ್ಳಿ. ಒಳಗೆ ಒಂದಿಷ್ಟು ಆಮ್ಲ ಇರುವವರೆಗೆ ಅದು ಹಸಿರಾಗಿರುತ್ತದೆ, ಕರೆಂಟು ಹರಿಯುತ್ತದೆ. ಆಮ್ಲ ಹೋದರೆ ನೀಲಿಗೆ ತಿರುಗುತ್ತದೆ, ಕರೆಂಟು ನಿಲ್ಲುತ್ತದೆ. ಇದನ್ನು ಸರ್ ಪ್ರತಿ ವರ್ಷ ಎಂ.ಎಸ್ಸಿ. ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಹೇಳುತ್ತಿದ್ದರು. ನಾನು ಸಿಂಕಿನ ಮುಂದೆ ನಿಂತು ಅದನ್ನು ಪ್ರತಿ ವರ್ಷವೂ ಕೇಳಿದ್ದೆ.

ಪಾಲಿಮರ್ ಹೊದಿಸುವ ಕೆಲಸ ಮಂಜುಗಡ್ಡೆಯ ನಡುವೆ ಆಗಬೇಕು. ನಮ್ಮ ಫ್ರಿಜ್ಜು ಹೆಸರಿಗೆ ಫ್ರಿಜ್ಜು. ಐಸ್‌ಕ್ಯಾಂಡಿ ಮಾಡುವವರ ಹತ್ತಿರ ಗಡ್ಡೆ ಕೊಂಡು, ಹೊಟ್ಟು ಹಾಕಿ ಗೋಣಿಯಲ್ಲಿ ಸುತ್ತಿ ತರುತ್ತಿದ್ದೆ. ಒಮ್ಮೆ ಕಡೂರಿನಲ್ಲಿ ಸಿಗದೆ ತರೀಕೆರೆಗೆ ಹೋದೆ. ವಾಪಸು ಬರುವಾಗ ರೈಲ್ವೆ ಗೇಟು ಹಾಕಿ ಬಸ್ಸು ನಿಂತುಬಿಟ್ಟಿತು. ಗೋಣಿ ಸೋರಿ ನೀರು ಸೀಟಿನ ಕೆಳಗೆ ಹರಿಯಿತು. ಕಂಡಕ್ಟರ್ ಬಗ್ಗಿ ನೋಡಿ, “ಯಾರಾದ್ರೂ ಹೋಗ್ಬಿಟ್ರೇನಮ್ಮಾ?” ಎಂದು ಮೆಲ್ಲಗೆ ಕೇಳಿದ. ಹೆಣಕ್ಕೆಂದು ಐಸು ಒಯ್ಯುತ್ತಿದ್ದೇನೆ ಅಂದುಕೊಂಡಿದ್ದ.

“ಇಲ್ಲ ಕಣಪ್ಪಾ, ಬ್ಯಾಟ್ರಿಗೆ” ಎಂದೆ.

“ಬ್ಯಾಟ್ರಿಗೆ ಜ್ವರ ಬಂದೈತಾ?” ಎಂದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಲ್ಯಾಬಿಗೆ ಬರುವಷ್ಟರಲ್ಲಿ ಗಡ್ಡೆ ತೆಂಗಿನಕಾಯಿಯಷ್ಟಾಗಿತ್ತು. ಆ ದಿನದ ಕೆಲಸ ಹೋಯಿತು.

ಮಮತಾ ಸಂಶೋಧನೆಗೆ ಬಂದದ್ದು ಈ ಹೊತ್ತಿನಲ್ಲಿ. ಬುಕ್ಕಾಂಬುಧಿಯ ಹುಡುಗಿ. ಮನೆಯವರು ಈರುಳ್ಳಿ, ರಾಗಿ ಬೆಳೆಯುವವರು. ಬೆಳಿಗ್ಗೆ ಅಜ್ಜಂಪುರಕ್ಕೆ ಬಂದು ರೈಲು ಹತ್ತಿ, ಬೀರೂರಿನಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಕಡೂರಿಗೆ ಬರುತ್ತಿದ್ದಳು. ಮೊದಲ ದಿನ ಬಂದವಳೇ ನನ್ನ ಪಕ್ಕ ನಿಂತು ಬೀಕರ್ ತೊಳೆಯಲು ಶುರುಮಾಡಿದಳು. ಹಿಂದೆ ಬಂದ ಯಾವ ಸಂಶೋಧಕನೂ ಹಾಗೆ ಮಾಡಿರಲಿಲ್ಲ. “ಬಿಡೇ, ನಾನ್ ತೊಳಿತೀನಿ” ಎಂದರೆ, “ಕಲಿಬೇಕಲ್ಲಕ್ಕ” ಎಂದಳು. ಎಲ್ಲವನ್ನೂ ಪುಸ್ತಕದಲ್ಲಿ ಬರೆಯುವ ಚಾಳಿ ಅವಳದು. ಬಾಟಲಿಯ ಬಿರಡೆ ಬದಲಾಯಿಸಿದರೂ ಬರೆಯುವಳು. ನಾನು ರೇಗಿಸುತ್ತಿದ್ದೆ, “ನಾನ್ ಸೀನಿದ್ದನ್ನೂ ಬರ್ಕೊಳ್ಳೇ” ಎಂದು. ಒಂದು ದಿನ ನಿಜವಾಗಿಯೂ ಬರೆದಿದ್ದಳು, ಅದೂ ಗಂಟೆ ಸಮೇತ.

ಕೆಲಸ ಹಂಚಿಕೊಂಡೆವು. ಬೆರೆಸುವುದು, ಬಳಿಯುವುದು, ಅಳೆಯುವುದು ಅವಳು. ಶೋಧಿಸುವುದು, ತೊಳೆಯುವುದು, ಒಣಗಿಸುವುದು ನಾನು. ತೊಳೆಯುವುದಕ್ಕೆ ಬೇರೆ ಪುಸ್ತಕ, ಅದು ನನ್ನದು. ಒಣಗಿದ ಪುಡಿಗೆ ಇಂಗಾಲ, ಅಂಟು ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ತಂದು ಹಾಳೆಗೆ ಬಳಿಯುವುದರಲ್ಲಿ ಅವಳ ಕೈ ಚೆನ್ನಾಗಿ ಪಳಗಿತು. ಆದರೂ ಮೊದಲ ಹತ್ತು ಬ್ಯಾಚು ನೆಲ ಕಚ್ಚಿದವು. ಒಂದು ಪುಡಿ ಉದುರಿ ಹೋಯಿತು. ಇನ್ನೊಂದರಲ್ಲಿ ಸತುವಿನ ಮೇಲೆ ಮುಳ್ಳು ಬೆಳೆದು, ಕಾಗದ ತೂತಾಗಿ, ಆ ಕಡೆ ಈ ಕಡೆ ತಾಗಿಬಿಟ್ಟಿತು. ಸೆಲ್ಲು ಮುಚ್ಚುವ ಒತ್ತುಯಂತ್ರವನ್ನು ಜಾಸ್ತಿ ಒತ್ತಿ ನಾನೇ ಮೂರನ್ನು ಚಪ್ಪಟೆ ಮಾಡಿದ್ದುಂಟು.

ಹನ್ನೊಂದನೇ ಬ್ಯಾಚಿನ ಹೊತ್ತಿಗೆ ಬೇಸಿಗೆ. ಬೋರ್‌ವೆಲ್ ಬತ್ತಿ ಟ್ಯಾಂಕರ್ ನೀರು. ಕರೆಂಟು ಇದ್ದಾಗ ಮಾತ್ರ ಭಟ್ಟಿ, ಅದೂ ತೊಟ್ಟು ತೊಟ್ಟಾಗಿ. ಒಂದು ಬ್ಯಾಚನ್ನು ಮೂರು ಸಲ ತೊಳೆಯಬೇಕಾದರೆ ಎರಡು ದಿನದ ನೀರು ಬೇಕು. ಹತ್ತನೇ ಬ್ಯಾಚು ತೊಳೆದ ಕಡೆಯ ನೀರು ತಿಳಿಯಾಗಿತ್ತು. ಅದನ್ನು ಸಿಂಕಿಗೆ ಸುರಿಯಲು ಮನಸ್ಸು ಬರಲಿಲ್ಲ. ಒಂದು ಕ್ಯಾನಿಗೆ ತುಂಬಿ, ಮೇಜಿನ ಕೆಳಗೆ ಪರದೆಯ ಹಿಂದೆ ಇಟ್ಟೆ. ಹನ್ನೊಂದನ್ನು ಮೂರು ಸಲವೂ ಅದೇ ನೀರಿನಲ್ಲಿ ತೊಳೆದೆ. ಪುಸ್ತಕದಲ್ಲಿ ‘ಎಂದಿನಂತೆ ಭಟ್ಟಿ ನೀರಿನಲ್ಲಿ ಮೂರು ಸಲ ತೊಳೆಯಲಾಗಿದೆ’ ಎಂದು ಬರೆದೆ. ಸರ್‌ಗೆ ಕೊಟ್ಟ ಮಾತು ಮುರಿದದ್ದು ನನಗೆ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ.

ಆ ಹನ್ನೊಂದು ಓಡಿತು. ನೂರು ದಾಟಿತು, ಐನೂರು ದಾಟಿತು. ಮಮತಾ ಬೆಳಿಗ್ಗೆ ಬಂದ ಕೂಡಲೇ ಚೀಲ ಕೂಡ ಇಳಿಸದೆ, ಸೆಲ್ಲನ್ನು ಚಾರ್ಜ್ ಮಾಡಿ ಇಳಿಸಿ ಎಣಿಸುವ ಯಂತ್ರದ ಪರದೆ ನೋಡುವಳು. ಸಾವಿರ ದಾಟಿದ ದಿನ ಗಂಗಾಧರ ಸರ್ ಮೈಸೂರುಪಾಕು ತರಿಸಿದರು. ಅವಳು ಒಂದು ಸಮ್ಮೇಳನಕ್ಕೆ ಹೋಗಿ ಅದರ ಬಗ್ಗೆ ಓದಿ ಬಂದಳು. ಇನ್ನೇನು, ಅದನ್ನೇ ಮತ್ತೊಂದು ಸಲ ಮಾಡಿ ತೋರಿಸಿದರೆ ಪ್ರಬಂಧದ ಮುಖ್ಯ ಅಧ್ಯಾಯ ಮುಗಿಯಿತು ಎಂದುಕೊಂಡೆವು.

ಅಷ್ಟರಲ್ಲಿ ಲ್ಯಾಬಿಗೆ ನೀರು ಶುದ್ಧ ಮಾಡುವ ಹೊಸ ಯಂತ್ರ ಬಂತು. ಕಾಯಿ ಒಡೆದು ಶುರುಮಾಡಿದೆವು. ನಲ್ಲಿ ತಿರುಗಿಸಿದರೆ ಶುದ್ಧ ನೀರು, ಬೇಕಾದಷ್ಟು. ನನ್ನ ಜನ್ಮದಲ್ಲಿ ಅಷ್ಟು ಸಂತೋಷ ಕೊಟ್ಟ ಯಂತ್ರ ಇನ್ನೊಂದಿಲ್ಲ. ಸರ್ ಬರೆದಿಟ್ಟಿದ್ದ ವಿಧಾನದಲ್ಲಿ, ಇಳಿದು ಬರುವ ನೀರಿನಲ್ಲಿ ಆಮ್ಲದ ಅಂಶವೇ ಇಲ್ಲವಾಗುವವರೆಗೆ ತೊಳೆಯಬೇಕು ಎಂದಿತ್ತು. ನೀರಿಲ್ಲದೆ ಅಷ್ಟು ವರ್ಷ ಅದನ್ನು ಪೂರ್ತಿ ಪಾಲಿಸಲು ಆಗಿರಲಿಲ್ಲ. ಈಗ ಪಾಲಿಸಿದೆ. ಹತ್ತು ಸಲ, ಹನ್ನೆರಡು ಸಲ, ಮನಸ್ಸು ತಣಿಯುವಷ್ಟು ತೊಳೆದೆ.

ಹನ್ನೆರಡನೇ ಬ್ಯಾಚು ನೂರು ದಾಟುವ ಮೊದಲೇ ಸೋತಿತು. ಹದಿಮೂರು, ಹದಿನಾಲ್ಕು, ಎಲ್ಲವೂ ಅದೇ ಕಥೆ. ಪಾಲಿಮರ್ ಮಾಡುವ ಅನಿಲೀನ್ ಹಳತಾಗಿದೆಯೆಂದು ಹೊಸದು ತರಿಸಿದೆವು. ಸತುವಿನ ಹಾಳೆ ಬದಲಾಯಿಸಿದೆವು. ಕಾಗದ ಬದಲಾಯಿಸಿದೆವು. ನಡುನಡುವೆ ಐಸಿನ ಮೇಲೂ ಅನುಮಾನ ಬಂತು. ತೊಳೆಯುವುದರ ಮೇಲೆ ಯಾರಿಗೂ ಬರಲಿಲ್ಲ, ಏಕೆಂದರೆ ನನ್ನ ಪುಸ್ತಕದ ಪ್ರಕಾರ ಎಲ್ಲವನ್ನೂ ಶುದ್ಧ ನೀರಿನಲ್ಲೇ ತೊಳೆಯಲಾಗಿತ್ತು, ಈಗ ಇನ್ನೂ ಚೆನ್ನಾಗಿ ತೊಳೆಯಲಾಗುತ್ತಿತ್ತು. ನನಗೆ ಬಂತೇ ಎಂದು ನೀವು ಕೇಳಬಹುದು. ಬರಲಿಲ್ಲ. ಕೊಳಕು ನೀರಿನಿಂದ ಕೆಡುಕಾಗಬಹುದು ಎಂದು ಹೆದರಿದ್ದೆನೇ ಹೊರತು, ಅದರಿಂದ ಒಳ್ಳೆಯದಾಗಿರಬಹುದು ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಹೀಗೆ ಎಂಟು ತಿಂಗಳಾಯಿತು. ವಿಶ್ವವಿದ್ಯಾಲಯ ಅವಳಿಗೆ ಕೊಟ್ಟಿದ್ದ ಹೆಚ್ಚುವರಿ ಅವಧಿಯೂ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ನಾನು ಸಿಂಕಿನ ಮುಂದಿದ್ದೆ. ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು. ಗಂಗಾಧರ ಸರ್ ಮಮತಾಗೆ, “ನಿಜ ಹೇಳಮ್ಮ. ಹನ್ನೊಂದನೇದು ಅಂತ ಬೇರೆ ಯಾವ್ದಾದ್ರೂ ಸೆಲ್ ಇಟ್ಟು ಓಡಿಸಿದ್ಯಾ? ಹೊರಗಡೆ ಜನ ಹಂಗೇ ಮಾತಾಡ್ತಾ ಇದಾರೆ” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಕೆಟ್ಟದಾಗಿ ಕೇಳಿಸಿತು.

ಮಮತಾ, “ಇಲ್ಲ ಸರ್” ಎಂದಷ್ಟೇ ಹೇಳಿದಳು.

“ಹಂಗಾದ್ರೆ ಇನ್ನೊಂದ್ಸಲ ಯಾಕ್ ಬರ್ತಿಲ್ಲ?”

“ಗೊತ್ತಿಲ್ಲ ಸರ್.”

ಮರುದಿನ ಅವಳು ಬರಲಿಲ್ಲ. ಆ ವಾರವೇ ಬರಲಿಲ್ಲ. ಸೀನಿದ್ದನ್ನೂ ಗಂಟೆ ಸಮೇತ ಬರೆದ ಹುಡುಗಿಯನ್ನು ಸುಳ್ಳು ಹೇಳಿದೆಯಾ ಎಂದು ಕೇಳಿದ್ದರು.

ನನ್ನ ನಿವೃತ್ತಿಗೆ ಒಂಬತ್ತು ದಿನ ಉಳಿದಿತ್ತು. ಡ್ರಾಯರು ಖಾಲಿ ಮಾಡುತ್ತಿದ್ದೆ. ಪುಡಿ ಶೋಧಿಸಿದ ಕಾಗದಗಳನ್ನೂ ನಾನು ಎಸೆಯುತ್ತಿರಲಿಲ್ಲ. ಒಣಗಿಸಿ, ಮೇಲೆ ಬ್ಯಾಚಿನ ನಂಬರು ಬರೆದು, ಸತುವಿನ ಹಾಳೆಗಳ ನಡುವೆ ಹಾಸಲು ಇಟ್ಟುಕೊಳ್ಳುತ್ತಿದ್ದೆ. ಅವನ್ನೆಲ್ಲ ತೆಗೆದು ಮೇಜಿನ ಮೇಲೆ ಹರವಿದೆ. ಇಪ್ಪತ್ತು, ಹದಿನೆಂಟು, ಹದಿನೈದು, ಹನ್ನೆರಡು ಎಲ್ಲದರ ಅಂಚಿನಲ್ಲೂ ಕರಿಯ ಸುತ್ತ ನೀಲಿ ಗೆರೆ. ಹನ್ನೊಂದರ ಅಂಚು ಒಂದೇ ಹಸಿರು.

ಕುರ್ಚಿ ಎಳೆದುಕೊಂಡು ಕೂತೆ. ಹತ್ತನೇ ಬ್ಯಾಚಿನ ನೀರು ಕಣ್ಣಿಗೆ ತಿಳಿಯಾಗಿದ್ದರೂ ಅದರಲ್ಲಿ ಆಮ್ಲ ಉಳಿದಿತ್ತು. ಆ ನೀರಿನಲ್ಲಿ ತೊಳೆದದ್ದರಿಂದ ಹನ್ನೊಂದರ ಪಾಲಿಮರ್ ತನ್ನ ಆಮ್ಲ ಕಳೆದುಕೊಳ್ಳದೆ ಹಸಿರಾಗಿಯೇ ಉಳಿಯಿತು. ಮಿಕ್ಕ ಬ್ಯಾಚುಗಳ ಜೀವವನ್ನು ನಾನು ಶುದ್ಧ ನೀರಿನಲ್ಲಿ ತೊಳೆದು ಕಳೆದಿದ್ದೆ. ಎದ್ದು ಹೋಗಿ ತೆಳುವಾದ ಆಮ್ಲ ತಂದು ಹದಿನೆಂಟರ ನೀಲಿ ಅಂಚಿಗೆ ಒಂದು ತೊಟ್ಟು ಬಿಟ್ಟೆ. ನೋಡುತ್ತಿದ್ದಂತೆ ಹಸಿರಾಯಿತು. ಖುಷಿ ಮತ್ತು ಹೇಸಿಗೆ ಎರಡೂ ಒಟ್ಟಿಗೆ ಆದವು, ಖುಷಿ ಆ ಹಸಿರು ನೋಡಿ, ಹೇಸಿಗೆ ನನ್ನ ಮೇಲೆ.

ಆಗ ನನಗೆ ಬಂದ ಯೋಚನೆಯನ್ನೂ ಬರೆಯುತ್ತೇನೆ. ಯಾರಿಗೂ ಹೇಳದೆ ಮುಂದಿನ ಬ್ಯಾಚನ್ನು ತೆಳು ಆಮ್ಲದಲ್ಲಿ ತೊಳೆದುಬಿಡೋಣ. ಅದು ಓಡುತ್ತದೆ, ಎಲ್ಲರೂ ಸಂತೋಷಪಡುತ್ತಾರೆ, ನಾನು ಶಾಲು ಹೊದಿಸಿಕೊಂಡು ಮರ್ಯಾದೆಯಾಗಿ ಮನೆಗೆ ಹೋಗುತ್ತೇನೆ. ಆಮ್ಲದ ಬಾಟಲಿ ಕೈಯಲ್ಲೇ ಇತ್ತು. ಆದರೆ ಹಾಗೆ ಮಾಡಿದರೆ ಹನ್ನೊಂದು ಯಾಕೆ ಓಡಿತು, ಹನ್ನೆರಡು ಯಾಕೆ ಬಿತ್ತು ಎಂಬುದಕ್ಕೆ ಉತ್ತರವೇ ಇರುವುದಿಲ್ಲ. ಆ ಹುಡುಗಿಯ ಮೇಲೆ ಬಿದ್ದ ಅನುಮಾನ ಹಾಗೇ ಅಂಟಿಕೊಂಡಿರುತ್ತದೆ. ಬಾಟಲಿಯನ್ನು ಕಪಾಟಿಗೆ ಇಟ್ಟು ಬೀಗ ಹಾಕಿದೆ.

ಭಾನುವಾರ ಬುಕ್ಕಾಂಬುಧಿಗೆ ಹೋದೆ. ಕೆರೆ ಏರಿಯ ಹತ್ತಿರ ಬಸ್ಸಿಳಿದು ಕೇಳಿದರೆ ಮನೆ ತೋರಿಸಿದರು. ನಡುಮನೆಯ ಗೋಡೆಯಲ್ಲಿ ಬುದ್ಧನ ಪಟ, ಕೆಳಗೆ ಮಮತಾಳ ಹಳೆಯ ಬಹುಮಾನಗಳು. ಅಂಗಳದಲ್ಲಿ ಈರುಳ್ಳಿ ರಾಶಿ. ತಾಯಿ ಮಗಳು ಕೂತು ಈರುಳ್ಳಿಯ ಒಣ ದಂಟು ಕತ್ತರಿಸುತ್ತಿದ್ದರು. ಅವಳ ಅಮ್ಮ, “ಬನ್ನಿ ಅಕ್ಕ, ಇವ್ಳು ಹುಷಾರಿಲ್ಲ ಅಂತಾಳೆ, ಮಾತೇ ಆಡಲ್ಲ” ಎಂದು ಚಹಾ ಮಾಡಲು ಒಳಗೆ ಹೋದರು. ನಾನೂ ಒಂದು ಕುಡುಗೋಲು ತೆಗೆದುಕೊಂಡು ಕೂತೆ. ಕೈಗೆ ಕೆಲಸ ಇಲ್ಲದಿದ್ದರೆ ಹೇಳಲು ಆಗುತ್ತಿರಲಿಲ್ಲ.

ಎಲ್ಲ ಹೇಳಿದೆ. ಕ್ಯಾನು, ಪರದೆ, ಪುಸ್ತಕದಲ್ಲಿ ಬರೆದ ಸುಳ್ಳು, ಹಸಿರು ಅಂಚು, ಎಲ್ಲ.

ಅವಳ ಕೈ ನಿಂತಿತು. “ಎಂಟು ತಿಂಗ್ಳು ಕಣಕ್ಕ” ಎಂದಳು. “ಎಂಟು ತಿಂಗ್ಳು ನಾನು ಒದ್ದಾಡೋದ್ನ ಪಕ್ಕದಲ್ಲೇ ನಿಂತು ನೋಡಿದ್ರಿ. ಒಂದ್ ಮಾತು ಹೇಳ್ಬಾರ್ದಿತ್ತಾ?”

“ಅದ್ರಿಂದ್ಲೇ ಅಂತ ಗೊತ್ತಿರ್ಲಿಲ್ಲ ಕಣೇ.”

“ಗೊತ್ತಾಗೋದು ನನ್ ಕೆಲ್ಸ. ಹೇಳೋದು ನಿಮ್ ಕೆಲ್ಸ.”

ಮೂವತ್ತೊಂದು ವರ್ಷದಲ್ಲಿ ಈ ಕೆಲಸದ ಬಗ್ಗೆ ಯಾವ ಮೇಲಧಿಕಾರಿಯೂ ಅಷ್ಟು ಸರಿಯಾಗಿ ಹೇಳಿರಲಿಲ್ಲ. ಅವಳು ನನ್ನ ಕಡೆ ನೋಡದೆ ಇನ್ನೂ ಒಂದು ಹಿಡಿ ಈರುಳ್ಳಿ ಕತ್ತರಿಸಿದಳು. ಎದ್ದು ಹೋಗು ಎಂದರೆ ಹೋಗಲು ಸಿದ್ಧಳಾಗಿ ಕೂತಿದ್ದೆ.

ಕೊನೆಗೆ ಕುಡುಗೋಲು ಕೆಳಗಿಟ್ಟು, “ಆ ನೀರಲ್ಲಿ ಎಷ್ಟು ಆಮ್ಲ ಇದ್ದಿರ್ಬೋದು?” ಎಂದು ಕೇಳಿದಳು. ದನಿ ಬದಲಾಗಿತ್ತು.

“ಹತ್ತನೇದನ್ನ ಮೊದ್ಲು ಎರಡು ಸಲ ತೊಳೆದಿದ್ದೆ. ಇದು ಮೂರನೇ ನೀರು.”

“ಮ್ಯಾಂಗನೀಸೂ ಒಂದ್ ಚೂರು ಕರಗಿರುತ್ತೆ ಅದ್ರಲ್ಲಿ” ಎಂದು ತನಗೆ ತಾನೇ ಹೇಳಿಕೊಂಡಳು. ಕೈ ತೊಳೆದುಕೊಂಡು ಬಂದು ಒಳಗಿಂದ ಪುಸ್ತಕ ತಂದಳು. ಅವಳ ಅಮ್ಮ ಚಹಾ ತರುವಷ್ಟರಲ್ಲಿ ನಾವಿಬ್ಬರೂ ಲೆಕ್ಕ ಹಾಕುತ್ತಿದ್ದೆವು. “ಬತ್ತೀನಿ ನಾಳೆ, ಮೊದಲ್ನೇ ರೈಲಿಗೆ” ಎಂದಳು. ನನ್ನ ಮೇಲಿನ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೂ ಬಸ್ ನಿಲ್ದಾಣದವರೆಗೆ ಬಂದು ಹತ್ತಿಸಿ ಹೋದಳು.

ಸೋಮವಾರ ಗಂಗಾಧರ ಸರ್ ಎದುರು ನಿಂತು ಅದನ್ನೆಲ್ಲ ಹೇಳಿದೆ. ಅವರು ಹನ್ನೊಂದರ ಮತ್ತು ಹನ್ನೆರಡರ ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿದರು. “ಅವತ್ತು ಮಕ್ಕಳ ಮುಂದೆ ಬೈದೆ ಅಂತ ಹೇಳ್ಲಿಲ್ವೇನ್ರೀ?” ಎಂದರು. ಅಷ್ಟು ವರ್ಷದ ಹಿಂದಿನದು ಅವರಿಗೂ ನೆನಪಿತ್ತು. “ಹೌದು ಸರ್” ಎಂದೆ. “ತೊಳೆಯೋ ವಿಧಾನ ಬರ್ದಿದ್ದು ನಾನು. ಪಾಲಿಮರ್ ಇಲ್ದೇ ಬರೀ ಪುಡಿ ಮಾಡೋವಾಗಿಂದು ಅದು. ತಿದ್ದೋಕೆ ಮರ್ತೆ” ಎಂದರು. ಮಡಿಸಿಟ್ಟ ಟವೆಲ್ಲಿನಿಂದ ಮುಖ ಒರೆಸಿಕೊಂಡು ಎದ್ದು ಹೋಗಿ, ಲ್ಯಾಬಿನ ನಡುವೆ ನಿಂತಿದ್ದ ಮಮತಾಗೆ, “ತಪ್ಪಾಯ್ತು ಕಣಮ್ಮ” ಎಂದರು. ಬಾಗಿಲು ಮುಚ್ಚಿ ಹೇಳಲಿಲ್ಲ, ಎಲ್ಲರ ಎದುರಿಗೇ ಹೇಳಿದರು. ಆ ಮನುಷ್ಯನ ಮೇಲೆ ನನಗಿದ್ದ ಹಳೆಯ ಮುನಿಸು ಅಲ್ಲಿಗೆ ಮುಗಿಯಿತು.

ಮಮತಾ ಮೂರು ಬೀಕರ್ ಜೋಡಿಸಿದಳು. ಒಂದನ್ನು ಶುದ್ಧ ನೀರಿನಲ್ಲಿ, ಒಂದನ್ನು ತೆಳು ಆಮ್ಲದಲ್ಲಿ, ಇನ್ನೊಂದನ್ನು ತೆಳು ಆಮ್ಲಕ್ಕೆ ಚಿಟಿಕೆ ಮ್ಯಾಂಗನೀಸ್ ಲವಣ ಸೇರಿಸಿ ತೊಳೆದೆವು. ತೊಳೆದದ್ದು ನಾನೇ, ಪಕ್ಕದಲ್ಲಿ ನಿಂತು ಬರೆದುಕೊಂಡದ್ದು ಅವಳು. ಸೆಲ್ಲುಗಳು ಯಂತ್ರಕ್ಕೆ ಏರಿದ ಮರುದಿನವೇ ನನ್ನ ನಿವೃತ್ತಿ. ಭಾಷಣದಲ್ಲಿ ಯಾರು ಏನು ಹೇಳಿದರೋ ಕಿವಿಗೆ ಬೀಳಲಿಲ್ಲ, ಮನಸ್ಸೆಲ್ಲ ಆ ಪರದೆಯ ಮೇಲಿತ್ತು.

ಆಮೇಲೆ ದಿನಾ ಬೆಳಿಗ್ಗೆ ಹತ್ತಕ್ಕೆ ಅವಳ ಫೋನು. “ಅಕ್ಕ, ಶುದ್ಧ ನೀರಿಂದು ಹೋಯ್ತು.” ಅದು ಹೋಗಬೇಕೆಂದೇ ಕಾದಿದ್ದವರು ನಾವು, ಸೋತದ್ದಕ್ಕೆ ಅಷ್ಟು ಖುಷಿಪಟ್ಟದ್ದು ಅದೇ ಮೊದಲು. “ಅಕ್ಕ, ಎರಡ್ನೇದು ಐನೂರು ದಾಟ್ತು.” “ಅಕ್ಕ, ಮೂರ್ನೇದು ಎರಡ್ನೇದಕ್ಕಿಂತ ಚೆನ್ನಾಗೈತೆ.” ಒಂದು ದಿನ ಫೋನು ಹನ್ನೊಂದಾದರೂ ಬರಲಿಲ್ಲ. ನಾನೇ ಮಾಡಿದೆ. “ಮೂರ್ನೇದು ಸಾವಿರ ದಾಟ್ತು ಕಣಕ್ಕ. ಸರ್ ಇಲ್ಲೇ ಅವ್ರೆ, ಕನ್ನಡಕ ಹಾಕ್ಕೊಂಡು ನೋಡ್ತಾನೇ ಅವ್ರೆ, ಅದಕ್ಕೇ ಫೋನ್ ಮಾಡಕ್ಕಾಗ್ಲಿಲ್ಲ” ಎಂದಳು. ಆ ಬ್ಯಾಚನ್ನು ಇನ್ನೆರಡು ಸಲ ಮಾಡಿದಳು. ಎರಡೂ ಓಡಿದವು. ಅಷ್ಟು ಹೊತ್ತಿಗೆ ಸರ್ ವಿಶ್ವವಿದ್ಯಾಲಯದವರಿಗೆ ಬರೆದು ಇನ್ನು ಮೂರು ತಿಂಗಳು ಕೊಡಿಸಿದ್ದರು.

ಪ್ರಬಂಧ ಕೊಡುವ ಮೊದಲು ಅವಳು ನನ್ನನ್ನು ಲ್ಯಾಬಿಗೆ ಕರೆದಳು. ನನ್ನ ತೊಳೆಯುವ ಪುಸ್ತಕವನ್ನು ಎದುರಿಗೆ ಇಟ್ಟು, “ಇಲ್ಲಿ ಬಿಟ್ಟಿದ್ದು ಬರೀರಿ ಅಕ್ಕ. ಇವತ್ತಿನ ತಾರೀಖು ಹಾಕಿ” ಎಂದಳು. ನನಗೆ ಇಂಗ್ಲಿಷಿನಲ್ಲಿ ಅಷ್ಟೆಲ್ಲ ಬರೆಯಲು ಬಾರದು. “ಕನ್ನಡದಲ್ಲೇ ಬರೀರಿ” ಎಂದಳು. ಬರೆದು ಸಹಿ ಹಾಕಿದೆ. ಆ ಪುಸ್ತಕ ಕಪಾಟಿನಲ್ಲಿ ಇರುತ್ತದೆ, ಯಾರೂ ತೆಗೆಯುವುದಿಲ್ಲ ಅಂದುಕೊಂಡೆ.

ಹೊಸದಾಗಿ ಕೆಲಸಕ್ಕೆ ಬಂದವಳಿಗೆ ನಾನು ಹೇಳಬಹುದಾದದ್ದು ಇಷ್ಟೇ. ಕೈಗವಸು ಹಾಕಿಕೋ. ಅನಿಲೀನ್ ಬಾಟಲಿ ತೆರೆಯುವಾಗ ಮೂಸಬೇಡ. ‘ಎಂದಿನಂತೆ’ ಎಂದು ಪುಸ್ತಕದಲ್ಲಿ ಎಂದೂ ಬರೆಯಬೇಡ. ನಾಚಿಕೆಯಾಗಿ ಬಿಟ್ಟ ಸಾಲಿನಲ್ಲೇ ಇನ್ನೊಬ್ಬರಿಗೆ ಬೇಕಾದದ್ದು ಇರಬಹುದು. ಮೇಲಿನವರು ಬೈದರೆ ಬೈಸಿಕೋ, ಅದು ಒಂದು ಗಳಿಗೆಯದು. ಇನ್ನು, ನೀರು ಉಳಿಸು, ನಾನು ಅದನ್ನೇನೂ ಬಿಟ್ಟಿಲ್ಲ. ಆದರೆ ಕ್ಯಾನಿನ ಮೇಲೆ ಚೀಟಿ ಅಂಟಿಸು.

ಮಮತಾಳ ಕೊನೆಯ ಮೌಖಿಕ ಪರೀಕ್ಷೆಗೆ ನಾನೂ ಹೋಗಿದ್ದೆ. ಹಿಂದಿನ ಬೆಂಚಿನಲ್ಲಿ ಅವಳ ಅಮ್ಮನ ಪಕ್ಕ ಕೂತೆ. ಪರೀಕ್ಷಕರು ಮೈಸೂರಿನಿಂದ ಬಂದಿದ್ದ ಹಿರಿಯರು, ಮಾತು ಕಡಿಮೆ. ದಪ್ಪ ಪ್ರಬಂಧವನ್ನು ತಿರುವುತ್ತ ಒಂದು ಕಡೆ ನಿಂತರು. ಅಷ್ಟೂ ಇಂಗ್ಲಿಷ್ ಪುಟಗಳ ನಡುವೆ ಒಂದೇ ಒಂದು ಕೈಬರಹದ ಕನ್ನಡ ಪುಟ. ನನ್ನ ಅಕ್ಷರ ದೂರದಿಂದಲೇ ಗುರುತು ಸಿಕ್ಕಿತು. ಅದನ್ನು ಅವಳು ಅಲ್ಲಿ ಸೇರಿಸಿದ್ದು ನನಗೆ ಗೊತ್ತಿರಲಿಲ್ಲ.

ಪರೀಕ್ಷಕರು ಅದನ್ನು ಗಟ್ಟಿಯಾಗಿ ಓದಿದರು. “ಹನ್ನೊಂದನೇ ಬ್ಯಾಚನ್ನು ಹತ್ತನೇ ಬ್ಯಾಚು ತೊಳೆದ ಮೂರನೇ ನೀರಿನಲ್ಲಿ ಮೂರು ಸಲ ತೊಳೆದಿದ್ದೇನೆ. ನೀರು ಚೆಲ್ಲಲು ಮನಸ್ಸು ಬರಲಿಲ್ಲ. ಬೈಯುತ್ತಾರೆಂದು ಅಂದು ಬರೆಯಲಿಲ್ಲ. ಮಮತಾ ಅವರಿಗೆ ಇದು ಗೊತ್ತಿರಲಿಲ್ಲ. ಸರೋಜಮ್ಮ, ಪ್ರಯೋಗಾಲಯ ಸಹಾಯಕಿ.”

ಗಂಗಾಧರ ಸರ್ ತಲೆ ತಗ್ಗಿಸಿ ಕೂತಿದ್ದರು.

“ತೆಳು ಆಮ್ಲದಲ್ಲಿ ತೊಳೆಯಲಾಯಿತು ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತಲ್ಲಮ್ಮ” ಎಂದರು ಪರೀಕ್ಷಕರು. “ಈ ಪುಟ ಯಾಕೆ ಇಟ್ಟಿರಿ?”

“ಆ ಒಂದು ಸಾಲು ಬರೆದಿದ್ರೆ ಅದು ನನಗೆ ಹೊಳೆದದ್ದು ಅಂತ ಆಗ್ತಿತ್ತು ಸರ್” ಎಂದಳು ಮಮತಾ. “ನನಗೆ ಹೊಳೆದದ್ದಲ್ಲ.”

ಅವರು ಅವಳನ್ನು ಒಂದು ಗಳಿಗೆ ನೋಡಿ, “ಸರಿ, ಮುಂದಿನದು ಹೇಳಿ” ಎಂದರು. ಅವಳು ಮುಂದಿನ ಚಿತ್ರ ಹಾಕಿ ವಿವರಿಸಲು ಶುರುಮಾಡಿದಳು. ನಾನು ಅಳುತ್ತಿದ್ದುದರಿಂದ ಆಮೇಲಿನ ಚಿತ್ರ ಯಾವುದೂ ನನಗೆ ಕಾಣಲಿಲ್ಲ.